ಬಂದೇಸಾಬರ ಎರಡು ಎಂಜಿನ್

ಲಿಂಗಸುಗೂರಿನ ಬಂದೇಸಾಬರ ಅಂಗಡಿ ಮುಂದೆ ಎರಡು ಎಂಜಿನ್ ಅಕ್ಕಪಕ್ಕ ಕೂತಿದ್ದವು. ಕೆಂಪನೆಯದು ಪೆಟ್ರೋಲಿಂದು, ಹಸಿರಿನದು ಡೀಸೆಲ್ಲಿಂದು. ಎರಡಕ್ಕೂ ಹಿತ್ತಾಳೆಯ ಪಂಪು, ಪಂಪಿಗೆ ಕರಿ ಪೈಪು, ಪೈಪಿನ ತುದಿಗೆ ನೀರು ಹೊಡೆಯುವ ಗನ್ನು. ಹುಲಿಗೇಶ ದನದ ಸಂತೆಯಲ್ಲಿ ಹೋರಿಯ ಹಲ್ಲು ನೋಡುವವನ ಹಾಗೆ ಎರಡನ್ನೂ ಸುತ್ತುಹಾಕುತ್ತಿದ್ದ. ಅವನ ತಂಗಿ ಅಂಬಿಕಾ ನಾಲ್ಕು ಮಾರು ದೂರ ನಿಂತಿದ್ದಳು.

ಬಂದೇಸಾಬರು ಹಗ್ಗ ಜಗ್ಗಿದರು. ಕೆಂಪು ಎಂಜಿನ್ ಒಮ್ಮೆಲೇ ಒದರಿಕೊಂಡಿತು. ಅವರು ಹಳೆಯ ರಬ್ಬರ್ ಚಪ್ಪಲಿಯೊಂದನ್ನು ನೆಲಕ್ಕೆ ಎಸೆದು ಅದರ ಮೇಲೆ ಗನ್ನು ಒತ್ತಿದರು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಚಪ್ಪಲಿ ಹರಿದು ಎರಡು ತುಂಡಾಗಿತ್ತು.

"ಇದರ ಮುಂದ ಕೈ ಅಡ್ಡ ಇಡಬ್ಯಾಡ್ರಿ," ಎಂದರು ಎಂಜಿನ್ ಆರಿಸಿ. "ಚರ್ಮ ಹರಕೊಂಡು ನೀರು ಒಳಗ ಹೋಗ್ತೈತಿ. ಹೊರಗ ಸಣ್ಣ ಗಾಯ, ಒಳಗ ಕೈನ ಹೋಗಿರ್ತೈತಿ."

ಅಂಬಿಕಾ ಇನ್ನೊಂದು ಹೆಜ್ಜೆ ಹಿಂದೆ ಸರಿದಳು. ಹುಲಿಗೇಶ ನಕ್ಕ. "ಹತ್ತು ವರ್ಷ ನೀರಾಗ ಕೈ ಇಟ್ಟೀನ್ರಿ ಸಾಬ್ರ. ನನಗೇನು ಹೊಸಾದಲ್ಲ."

ಅದು ಸುಳ್ಳಲ್ಲ. ಸಿಂಧನೂರಿನಲ್ಲಿ ಗುತ್ತಿಗೆದಾರನ ಕೈಕೆಳಗೆ ಹತ್ತು ವರ್ಷ ಬಸ್ಸು ತೊಳೆದವನು ಅವನು. ಅಂಬಿಕಾ ಅದೇ ಊರಿನ ಖಾಸಗಿ ದವಾಖಾನೆಯೊಂದರಲ್ಲಿ ನೆಲ ಒರೆಸುವ ಹನ್ನೆರಡು ಹೆಂಗಸರಿಗೆ ಮೇಲ್ವಿಚಾರಕಿ. ದಿನಾ ಮಸ್ಕಿಯಿಂದ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಅಣ್ಣ ತಂಗಿ, ಆ ಬಸ್ಸಿನಲ್ಲೇ ಕೂತು ಈ ಲೆಕ್ಕಾಚಾರ ಹಾಕಿದ್ದರು. ಸುಗ್ಗಿಯಲ್ಲಿ ಭತ್ತ ಕೊಯ್ಯುವ ಮಷಿನ್ನು ತೊಳೆಯುವುದು, ಸುಗ್ಗಿ ಮುಗಿದ ಮೇಲೆ ರೈಸ್‌ಮಿಲ್ಲು, ಫಂಕ್ಷನ್ ಹಾಲು. ಯಾರ ಕೈಕೆಳಗೂ ಅಲ್ಲ, ತಮ್ಮದೇ ಸ್ವಂತದ್ದು.

ಅವ್ವ ಯಮನೂರಮ್ಮ ಒಂದೇ ಷರತ್ತು ಹಾಕಿದ್ದಳು. "ಏನರ ತೊಳೀರಿ, ತೆಗ್ಗಿನಾಗ ಇಳೀಬ್ಯಾಡ್ರಿ."

ಯಾಕೆ ಎಂದು ಇಬ್ಬರೂ ಕೇಳಲಿಲ್ಲ. ಅಂಬಿಕಾ ಏಳು ವರ್ಷದವಳಿದ್ದಾಗ ಅವರ ಕಾಕಾ ಗದ್ದೆಪ್ಪ ದೂರದ ಊರೊಂದರಲ್ಲಿ ಪಾಯಖಾನೆ ಗುಂಡಿಯಲ್ಲಿ ಸತ್ತಿದ್ದ. ಗುಂಡಿ ತೊಳೆಯಲು ಇಳಿದವನು ಅವನಲ್ಲ, ಅವನ ಜೊತೆಗಾರ. ಜೊತೆಗಾರ ಒಳಗೆ ಕುಸಿದನೆಂದು ಅವನನ್ನು ಎಳೆಯಲು ಗದ್ದೆಪ್ಪ ಇಳಿದ. ಎರಡು ಹೆಣ ಮೇಲೆ ಬಂದವು. "ಅಂವ ಹೊಟ್ಟಿಗೆ ಇಳಿದ, ನಿಮ್ಮ ಕಾಕಾ ಕರುಳಿಗೆ ಇಳಿದ," ಎಂದು ಅವ್ವ ಹೇಳುತ್ತಿದ್ದಳು.

"ತಾಕತ್ತು ಆಮ್ಯಾಲ ನೋಡ್ರಿ," ಬಂದೇಸಾಬರು ಹೇಳಿದರು. "ಮೊದ್ಲು ಎಲ್ಲೆಲ್ಲಿ ತೊಳೀತೀರಿ ಹೇಳ್ರಿ. ಕರೆಂಟಿನ ಮೋಟರಿಗೆ ಹೊಗಿ ಇಲ್ಲ, ಆದ್ರ ಹೊಲದಾಗ ಕರೆಂಟ್ ಎಲ್ಲಿಂದ ತರ್ತೀರಿ? ಪೆಟ್ರೋಲಿಂದು ಹಗುರ, ಇಬ್ಬರು ಎತ್ತಿ ಎಲ್ಲಿ ಬೇಕಾದ್ರೂ ಇಡಬಹುದು. ಡೀಸೆಲ್ಲಿಂದು ದಿನವಿಡೀ ದುಡೀತೈತಿ, ಆದ್ರ ಕ್ವಿಂಟಲ್ ಮ್ಯಾಲ ಭಾರ."

"ಹಗುರಂದ ಬೇಕ್ರಿ," ಎಂದ ಹುಲಿಗೇಶ.

"ಎರಡು ದಿನ ಒಯ್ದು ನೋಡು. ಸೇರಿದ್ರ ಇಟ್ಕೋ. ಪೈಪ್ ಸದ್ಯಕ್ಕ ಹತ್ತು ಮೀಟರ್ ಐತಿ, ಉದ್ದಂದು ಗುರುವಾರ ಬರ್ತೈತಿ. ಒಂದು ಮಾತು. ಮುಚ್ಚಿದ ಜಾಗದಾಗ ಇದನ್ನ ಚಾಲೂ ಮಾಡಬ್ಯಾಡ. ಇದರ ಹೊಗಿಯೊಳಗಿನ ವಿಷ ಕಣ್ಣಿಗೆ ಕಾಣಂಗಿಲ್ಲ. ಮನುಷ್ಯನ್ನ ಕೂತಲ್ಲೇ ಮಲಗಿಸಿಬಿಡ್ತೈತಿ."

ಹುಲಿಗೇಶ ಹೂಂ ಎಂದ. ಆಗಲೇ ಅವನು ಎಂಜಿನ್ನಿನ ಹಿಡಿಕೆಗೆ ಕೈ ಹಾಕಿದ್ದ.

ಮೊದಲ ಕೆಲಸ ಸಿಕ್ಕಿದ್ದು ಮಸ್ಕಿಯಲ್ಲೇ, ಹೊಸ ಫಂಕ್ಷನ್ ಹಾಲೊಂದರಲ್ಲಿ. ಮೇಲೆ ಮದುವೆ ಮಂಟಪ, ನೆಲದಡಿಗೆ ಊಟದ ಹಾಲು. ಎರಡು ವರ್ಷದ ಎಣ್ಣೆ ಜಿಡ್ಡು ನೆಲಕ್ಕೆ ಅಂಟಿತ್ತು. ಒಳಗಿಂದ ಇಳಿಯಲು ಮೆಟ್ಟಿಲ ಸಾಲು. ಹಿಂದಿನಿಂದ ಪಾತ್ರೆ ಗಾಡಿ ಇಳಿಯುವ ಇಳಿಜಾರು, ಅದರ ತುದಿಗೆ ಕಬ್ಬಿಣದ ಶಟರ್. ಶಟರಿಗೆ ಬೀಗ ಬಿದ್ದಿತ್ತು.

"ಕೀಲಿ ಮಾಲೀಕರ ಹತ್ರ ಐತಿ, ಅವರು ಸಿಂಧನೂರಿಗೆ ಹೋಗ್ಯಾರ," ಎಂದ ಕಾವಲಿನ ಕನಕರಾಯ. ಐವತ್ತು ದಾಟಿದ ಸಾಧು ಮನುಷ್ಯ.

ಎಂಜಿನ್ನನ್ನು ಹೊರಗಿನ ಅಂಗಳದಲ್ಲಿಟ್ಟು ಪೈಪು ಒಳಗೆ ಬಿಟ್ಟರೆ ಮೆಟ್ಟಿಲ ಬುಡಕ್ಕೂ ಮುಟ್ಟಲಿಲ್ಲ. ಹುಲಿಗೇಶ ಕನಕರಾಯನತ್ತ ತಿರುಗಿದ. "ಕನಕಣ್ಣ, ಜರಾ ಕೈ ಹಚ್ಚು. ಎಂಜಿನ್ ತೆಳಗ ಇಳಿಸೋಣು."

"ಬ್ಯಾಡಣ್ಣ," ಎಂದಳು ಅಂಬಿಕಾ. "ಸಾಬ್ರು ಏನಂದ್ರು?"

"ಏ ಅಂಬಿ, ಇದು ತೆಗ್ಗೇನು? ಐನೂರು ಮಂದಿ ಕೂತು ಉಣ್ಣೋ ಹಾಲು. ಅರ್ಧ ತಾಸಿನ ಕೆಲಸ. ನೀ ಮ್ಯಾಗ ನೀರು ನೋಡಿಕೋ."

ಅವಳು ಇನ್ನೊಂದು ಮಾತು ಆಡಬೇಕಿತ್ತು. ಆಡಲಿಲ್ಲ. ಮೊದಲ ಕೆಲಸದ ದಿನ ಅಪಶಕುನ ನುಡಿದಂತಾಗುತ್ತದೆಂದು ಬಾಯಿ ಕಟ್ಟಿತು.

ಎಂಜಿನ್ ಕೆಳಗಿಳಿಯಿತು. ಅಂಬಿಕಾ ಮೇಲೆ, ಎಂಜಿನ್ನಿಗೆ ನೀರು ಇಳಿಯುವ ಡ್ರಮ್ಮು ತುಂಬಿಸುತ್ತಾ, ಕೆಳಗಿನ ಸದ್ದಿಗೆ ಕಿವಿ ಕೊಟ್ಟು ಕೂತಳು. ಗನ್ನು ಒತ್ತಿದಾಗ ಎಂಜಿನ್ ಭಾರ ಹೊತ್ತವರ ಹಾಗೆ ಮುಲುಕುತ್ತಿತ್ತು, ಬಿಟ್ಟಾಗ ಹಗುರಾಗಿ ಗುಂಯ್ ಎನ್ನುತ್ತಿತ್ತು. ಮುಲುಕು, ಗುಂಯ್. ಮುಲುಕು, ಗುಂಯ್. ಹೀಗೆ ಸುಮಾರು ಹೊತ್ತು ನಡೆಯಿತು.

ಆಮೇಲೆ ಬರೀ ಗುಂಯ್.

ಖುರ್ಚಿ ಸರಿಸುತ್ತಿರಬೇಕು ಎಂದುಕೊಂಡಳು. ಬೀಡಿ ಸೇದುತ್ತಿರಬೇಕು. ಡ್ರಮ್ಮಿನ ನೀರು ತುಂಬಿ ಹೊರಗೆ ಚೆಲ್ಲಿತು. ಒಳಗೆ ನೀರು ಖರ್ಚಾಗುತ್ತಿಲ್ಲ.

"ಅಣ್ಣಾ!"

ಎಂಜಿನ್ ಸದ್ದು ಅವಳ ಕೂಗನ್ನು ನುಂಗಿತು. ನಾಲ್ಕು ಮೆಟ್ಟಿಲು ಇಳಿದಳು. ಪೆಟ್ರೋಲಿನ ವಾಸನೆ, ಹಣೆಯ ಎರಡೂ ಕಡೆ ಸುತ್ತಿಗೆಯ ಪೆಟ್ಟು. ಬಗ್ಗಿ ನೋಡಿದಳು. ಹುಲಿಗೇಶ ಗೋಡೆಗೆ ಒರಗಿ ಕೂತಿದ್ದ, ಗನ್ನು ತೊಡೆಯ ಮೇಲೆ, ತಲೆ ಎದೆಗೆ ಬಿದ್ದಿತ್ತು. ದಣಿದು ನಿದ್ದೆಹೋದವನ ಹಾಗೆ.

ಅವಳ ಕಾಲು ತಾನಾಗಿಯೇ ಐದನೆಯ ಮೆಟ್ಟಿಲಿಗೆ ಹೋಯಿತು. ಆಗ ಗದ್ದೆಪ್ಪ ಕಾಕಾ ಕಣ್ಣಮುಂದೆ ಬಂದ. ಅವನೂ ಹೀಗೇ ಬಗ್ಗಿ ನೋಡಿರಬೇಕು. ಅವನ ಕಾಲೂ ಹೀಗೇ ಇಳಿದಿರಬೇಕು. ಎರಡು ಹೆಣ.

ಇಳಿದರೆ ಸಾಯುತ್ತೇನೆ, ಇಳಿಯದಿದ್ದರೆ ಅಣ್ಣ ಸಾಯುತ್ತಾನೆ. ಆ ಮೆಟ್ಟಿಲ ಮೇಲೆ ಅವಳು ಎಷ್ಟು ಹೊತ್ತು ನಿಂತಳೋ ಅವಳಿಗೇ ತಿಳಿಯದು. ಬಹಳ ಇರಲಿಕ್ಕಿಲ್ಲ. ಆದರೆ ಮುಂದೆ ಎಷ್ಟೋ ದಿನ ನಿದ್ದೆಯಲ್ಲಿ ಅವಳು ಅಲ್ಲೇ ನಿಂತಿರುತ್ತಿದ್ದಳು.

ಹಿಂದಕ್ಕೆ ತಿರುಗಿ ಓಡಿದಳು. "ಕನಕಣ್ಣಾ! ಶಟರ್ ಒಡೀರಿ! ಅಣ್ಣ ಒಳಗ ಬಿದ್ದಾನ!"

"ಕೀಲಿ..."

"ಕೀಲಿ ಸುಡಗಾಡಿಗೆ ಹೋಗ್ಲಿ, ಹಾರಿ ತರ್ರಿ!"

ಕನಕರಾಯ ಹಾರೆ ತಂದ. ಮೊದಲ ಏಟು ಗೋಡೆಗೆ ಬಿತ್ತು. ಅಂಬಿಕಾ ಹಾರೆ ಕಸಿದುಕೊಂಡು ಬೀಗದ ಕೊಂಡಿಯೊಳಗೆ ತೂರಿಸಿ ಮೈಯೆಲ್ಲಾ ಭಾರ ಹಾಕಿದಳು. ಇಬ್ಬರೂ ಜೋತುಬಿದ್ದ ಮೇಲೆ ಕೊಂಡಿ ಕಿತ್ತುಬಂತು. ಶಟರ್ ಕಿರುಗುಟ್ಟುತ್ತಾ ಮೇಲೇರಿತು. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು.

"ನೀವು ಒಳಗ ಬರಬ್ಯಾಡ್ರಿ. ನಾ ಬಿದ್ರ ಮಂದಿನ್ನ ಕರೀರಿ, ನೀವ ಇಳೀಬ್ಯಾಡ್ರಿ," ಎಂದಳು. ಬಾಯಿ ತುಂಬ ಗಾಳಿ ಎಳೆದುಕೊಂಡು ಉಸಿರು ಬಿಗಿಹಿಡಿದು ಓಡಿದಳು. ಎಂಜಿನ್ನಿನ ಕೆಂಪು ಸ್ವಿಚ್ಚು ಹೊರಳಿಸಿದಳು. ಸದ್ದು ನಿಂತಿತು. ಹೊರಗೆ ಓಡಿಬಂದು ಉಸಿರು ಬಿಟ್ಟಳು, ಮತ್ತೆ ಎಳೆದುಕೊಂಡಳು. ಎರಡನೆಯ ಸಲ ಅಣ್ಣನ ಎರಡೂ ತೋಳು ಹಿಡಿದು ಜಗ್ಗಿದಳು. ಜಿಡ್ಡಿನ ನೆಲ, ಕಾಲು ಜಾರಿತು. ಅರ್ಧ ಹಾದಿಗೆ ಉಸಿರು ಮುಗಿಯಿತು. ಅವನನ್ನು ಅಲ್ಲೇ ಬಿಟ್ಟು ಹೊರಗೆ ಬರಬೇಕಾಯಿತು. ಆ ಬಿಟ್ಟು ಬರುವುದಿತ್ತಲ್ಲ, ಅದಕ್ಕಿಂತ ದೊಡ್ಡ ಕಷ್ಟ ಅವಳ ಜೀವಮಾನದಲ್ಲಿ ಇರಲಿಲ್ಲ. ಮೂರನೆಯ ಸಲ ಇಳಿಜಾರಿನ ತನಕ ಎಳೆದಳು. ಅಲ್ಲಿಂದ ಕನಕರಾಯ ಕೈಹಚ್ಚಿದ.

ಮಸ್ಕಿಯ ದವಾಖಾನೆಯಲ್ಲಿ ಮುಖಕ್ಕೆ ಆಕ್ಸಿಜನ್ ಹಚ್ಚಿ, ಆಂಬುಲೆನ್ಸಿನಲ್ಲಿ ಸಿಂಧನೂರಿಗೆ ಕಳಿಸಿದರು. ಸಂಜೆಹೊತ್ತಿಗೆ ಹುಲಿಗೇಶ ಕಣ್ಣು ತೆರೆದು ವಾಂತಿ ಮಾಡಿಕೊಂಡ. "ಕೆಲಸ ಮುಗೀತೇನು?" ಎಂದು ಕೇಳಿದ. ಯಮನೂರಮ್ಮ ಮಗನ ಅಂಗಾಲು ತಿಕ್ಕುತ್ತಾ ಕೂತಿದ್ದಳು. ಬೈಯಲಿಲ್ಲ, ಅಳಲಿಲ್ಲ. ಅವಳು ಬೈದಿದ್ದರೆ ಅಂಬಿಕಾಳಿಗೆ ಸಮಾಧಾನವಾಗುತ್ತಿತ್ತು.

ಐದನೆಯ ದಿನ ಅಂಬಿಕಾ ಒಬ್ಬಳೇ ಸಾಮಾನು ಸಾಗಿಸುವ ಟಂಟಂ ಆಟೋ ಬಾಡಿಗೆಗೆ ಮಾಡಿಕೊಂಡು ಕೆಂಪು ಎಂಜಿನ್ನನ್ನು ಲಿಂಗಸುಗೂರಿಗೆ ಒಯ್ದಳು. ನಡೆದದ್ದನ್ನು ಕೇಳಿ ಬಂದೇಸಾಬರು ಅಲ್ಲೇ ಸ್ಟೂಲಿನ ಮೇಲೆ ಕುಸಿದರು.

"ಯಾ ಅಲ್ಲಾ... ನಾನು ಪೈಪ್ ಬಂದ ಮ್ಯಾಲ ಕೊಡಬೇಕಿತ್ತಮ್ಮ. ತಪ್ಪು ನಂದೂ ಐತಿ. ಇದನ್ನ ಬಿಟ್ಟುಬಿಡ್ರಿ. ಈ ಧಂದೆನ ಬ್ಯಾಡ."

ಅವಳೂ ಐದು ದಿನ ಅದನ್ನೇ ಯೋಚಿಸಿದ್ದಳು. ಬೀದಿಯಲ್ಲಿ ಟ್ರ್ಯಾಕ್ಟರ್ ಹೋದರೆ ಅವಳ ಉಸಿರು ತಾನಾಗಿಯೇ ಬಿಗಿಯುತ್ತಿತ್ತು. ಆದರೆ ಅಣ್ಣ ಬಸ್ಸು ತೊಳೆಯುವ ಕೆಲಸ ಬಿಟ್ಟಾಗಿತ್ತು. ನಾಳೆ ಹೊಟ್ಟೆಪಾಡಿಗೆ ಯಾವನೋ ಕರೆದ ಗುಂಡಿಗೆ ಅವನು ಇಳಿದರೆ? ಆ ಭಯ ಈ ಭಯಕ್ಕಿಂತ ದೊಡ್ಡದಾಗಿತ್ತು.

ಹಸಿರು ಎಂಜಿನ್ನಿನ ಬಳಿ ಹೋಗಿ ಅದರ ಚೌಕಟ್ಟು ಹಿಡಿದು ಎತ್ತಿ ನೋಡಿದಳು. ಅಲುಗಲಿಲ್ಲ.

"ಸಾಬ್ರ, ನೀವೊಂದು ಕಡಿ ಹಿಡೀರಿ."

ಇಬ್ಬರೂ ಹಿಡಿದರು. ಆದರೂ ನೆಲ ಬಿಡಲಿಲ್ಲ.

"ನಾಕು ಮಂದಿ ಬೇಕಮ್ಮ ಅದಕ್ಕ."

"ಇದನ್ನ ಕೊಡ್ರಿ ಹಂಗಾದ್ರ."

"ಇದರ ಹೊಗಿನೂ ವಿಷಾನ ಬೇಟಿ."

"ಗೊತ್ತೈತ್ರಿ. ಅದಕ್ಕ ಇದು ರೋಡ್ ಬಿಟ್ಟು ಇಳೀಬಾರದು. ಹಳೇದೊಂದು ಟಂಟಂ ಕಂತಿನ ಮ್ಯಾಲ ತಗೋತೀವಿ, ಅದಕ್ಕ ವೆಲ್ಡಿಂಗ್ ಮಾಡಿ ಕೂಡಿಸ್ರಿ. ನಮ್ಮಣ್ಣ ಎತ್ತೀನಿ ಅಂದ್ರೂ ಎತ್ತಾಕ ಬರಬಾರದು. ಪೈಪ್ ಐವತ್ತು ಮೀಟರ್ ಬೇಕು."

"ಪೈಪ್ ಉದ್ದಾದಂಗ ಜೋರು ಕಮ್ಮಿ ಆಗ್ತೈತಿ."

"ಆಗಲಿ. ಅರ್ಧ ತಾಸಿನ ಕೆಲಸ ಒಂದು ತಾಸು ಆಗಲಿ."

ಬಂದೇಸಾಬರು ವೆಲ್ಡಿಂಗ್ ಮಾಡುವವನನ್ನು ಕರೆಯಲು ಎದ್ದರು.

ತಿಂಗಳ ಮೇಲೆ ಫಂಕ್ಷನ್ ಹಾಲಿನಿಂದ ಮತ್ತೆ ಕರೆ ಬಂತು. ಅರ್ಧ ನೆಲ ಹಾಗೇ ಉಳಿದಿತ್ತು. ಅಂಬಿಕಾ ಟಂಟಂ ಅನ್ನು ರಸ್ತೆಯ ಮೇಲೇ ನಿಲ್ಲಿಸಿದಳು. ಶಟರ್ ಪೂರ್ತಿ ಎತ್ತಿಸಿ, ಜಾರಿದರೂ ಮುಚ್ಚಿಕೊಳ್ಳದಂತೆ ಕೆಳಗೆ ಎರಡು ಕಲ್ಲು ಇಡಿಸಿದಳು. ಹುಲಿಗೇಶ ಗನ್ನು ಹಿಡಿದು ಇಳಿಜಾರಿನ ಬಾಯಿಗೆ ಹೋಗಿ ಅಲ್ಲೇ ನಿಂತುಬಿಟ್ಟ. ಅವಳೇ ಅದನ್ನು ತೆಗೆದುಕೊಂಡು ಇಳಿಜಾರು ಇಳಿದಳು.

ಒಳಗೆ ತಂಪು ಗಾಳಿ ಆಡುತ್ತಿತ್ತು. ಆದರೂ ಅಣ್ಣ ಒರಗಿ ಬಿದ್ದಿದ್ದ ಗೋಡೆಯ ಕಡೆ ಬೆನ್ನು ಮಾಡಲು ಧೈರ್ಯ ಸಾಲದೆ, ಅದಕ್ಕೆ ಮುಖಮಾಡಿಯೇ ನಿಂತು ಗನ್ನು ಒತ್ತಿದಳು. ಕರಿ ಜಿಡ್ಡು ಎದ್ದು, ಕೆಳಗಿನ ಬಿಳಿ ಟೈಲು ಕಂಡಿತು.

"ಅಂಬೀ!" ಮೇಲಿಂದ ಅಣ್ಣನ ದನಿ.

"ಅದೀನಿ!"

ನಿಮಿಷ ಕಳೆಯಲಿಲ್ಲ. "ಅಂಬೀ!"

"ಅದೀನಿ ಅಣ್ಣಾ!"

ಎರಡು ತಾಸಿನಲ್ಲಿ ಅವನು ಎಷ್ಟು ಸಲ ಕೂಗಿದನೋ ಲೆಕ್ಕವಿಲ್ಲ. ಒಮ್ಮೆಯೂ ಅವಳಿಗೆ ಬೇಸರವಾಗಲಿಲ್ಲ. ಅವನ ಕೂಗು ತಡವಾದಾಗಲೆಲ್ಲ ಅವಳೇ ಗನ್ನು ಬಿಟ್ಟು ಅವನನ್ನು ಕೂಗಿದಳು.