ಆರರಿಂದ ಏಳರವರೆಗೆ

ಡಿಸ್ಕಸ್ ಎಸೆಯುವವಳಿಗೆ ಭುಜ ಗಟ್ಟಿಯಿದ್ದರೆ ಸಾಲದು, ದಿನಕ್ಕೊಂದು ಗಂಟೆ ಹೇಳಿದ ಜಾಗದಲ್ಲಿ ಸಿಗಬೇಕು. ಉದ್ದೀಪನ ಮದ್ದಿನ ಪರೀಕ್ಷೆಯವರು ಯಾವತ್ತು ಬರುತ್ತಾರೋ ಯಾರಿಗೂ ಗೊತ್ತಿರುವುದಿಲ್ಲ. ಬಂದಾಗ ಮೂತ್ರ ಕೊಡಬೇಕು. ವರ್ಷದೊಳಗೆ ಮೂರು ಸಲ ಸಿಗದಿದ್ದರೆ, ಮದ್ದು ಮುಟ್ಟದವಳಿಗೂ ಎರಡು ವರ್ಷ ನಿಷೇಧ. ಶಿವಕಾಂತಾ ಬರೆದುಕೊಟ್ಟಿದ್ದ ಹೊತ್ತು ಬೆಳಿಗ್ಗೆ ಆರರಿಂದ ಏಳು, ಜಾಗ ಈಗ ಪುಣೆಯ ಖಡಕಿಯಲ್ಲಿನ ಎರಡು ಕೋಣೆಯ ಬಾಡಿಗೆ ಮನೆ. ಮೊದಲು ತರಬೇತಿ ಶಿಬಿರದ ವಿಳಾಸ ಕೊಟ್ಟಿದ್ದಾಗಲೇ ಆ ವರ್ಷ ಎರಡು ಸಲ ತಪ್ಪಿಹೋಗಿತ್ತು. ಒಮ್ಮೆ ಗೆಳತಿಯ ಮದುವೆಗೆಂದು ಲೋಣಾವಳಾದಲ್ಲಿ ಉಳಿದವಳು ಫೋನಿನಲ್ಲಿ ವಿಳಾಸ ಬದಲಿಸಲು ಮರೆತಿದ್ದಳು. ಇನ್ನೊಮ್ಮೆ ರೈಲು ತಡವಾಗಿತ್ತು. ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದವಳು, ವಯಸ್ಸು ಇಪ್ಪತ್ತೊಂಬತ್ತು, ಎರಡೂ ಮೊಣಕಾಲು ಸವೆದಿದ್ದವು. ಏಷ್ಯನ್ ಗೇಮ್ಸ್‌ಗೆ ಇನ್ನು ಮೂರು ತಿಂಗಳಿತ್ತು. ಅದೇ ಕೊನೆಯದು ಎಂದು ಅವಳಿಗೂ ಗೊತ್ತಿತ್ತು, ಕೋಚ್ ಸದಾನಂದರಿಗೂ ಗೊತ್ತಿತ್ತು.

ಈ ಪರೀಕ್ಷೆಯ ವಿಷಯವೇ ಗೊತ್ತಿಲ್ಲದಿದ್ದುದು ಅವ್ವ ಯಂಕವ್ವನಿಗೆ. ಪರೀಕ್ಷೆಯ ಹೆಂಗಸು ಎದುರಿಗೇ ನಿಂತು ನೋಡುತ್ತಿರುವಾಗ ಉಚ್ಚೆ ಹೊಯ್ಯಬೇಕು ಎಂಬುದನ್ನು ಹೆತ್ತವಳಿಗೆ ಹೇಳಲು ಶಿವಕಾಂತಾಳಿಗೆ ನಾಚಿಕೆ. ಇಷ್ಟು ದಿನ ಅದೆಲ್ಲ ಶಿಬಿರದಲ್ಲೇ ಮುಗಿದುಹೋಗುತ್ತಿತ್ತು. ಅಂತರರಾಷ್ಟ್ರೀಯ ಆಟಗಾರ್ತಿಯನ್ನು ಮುಳುಗಿಸಿದ್ದು ಇಷ್ಟೇ ಇಷ್ಟು ನಾಚಿಕೆ.

ಆ ಸೋಮವಾರ ಅವಳು ಭುವನೇಶ್ವರದ ಕ್ರೀಡಾಕೂಟ ಮುಗಿಸಿ ಬಂದು ಒಳಕೋಣೆಯಲ್ಲಿ ಮೈಮರೆತು ಮಲಗಿದ್ದಳು. ಎದ್ದಾಗ ಏಳೂಕಾಲು. ಯಂಕವ್ವ ರೊಟ್ಟಿ ಬಡಿಯುತ್ತ ಖುಷಿಯಿಂದ ಹೇಳಿದಳು: "ಯಾರೋ ಇಬ್ಬರು ಬಂದಿದ್ರು ಯವ್ವಾ. ಕೊರಳಾಗ ಕಾರ್ಡು, ಕೈಯಾಗ ಕಾಗದ. ನಿನ್ನ ಹೆಸರ ಹಿಡದು ಕೇಳಿದ್ರು. ಊರಿಗಿ ಹೋಗ್ಯಾಳಂತ ಹೇಳಿ ಕದ ಹಾಕ್ಕೊಂಡೆ. ಮತ್ತ ಎರಡು ಸಲ ಬಡದ್ರು, ನಾ ತೆಗೀಲೇ ಇಲ್ಲ."

ಶಿವಕಾಂತಾ ಬರಿಗಾಲಲ್ಲೇ ಕೆಳಗೆ ಓಡಿದಳು. ರಸ್ತೆಯಲ್ಲಿ ಯಾರೂ ಇರಲಿಲ್ಲ.

ಯಂಕವ್ವನನ್ನು ಬೈಯುವುದು ಸುಲಭ. ಯಾದಗಿರಿ ಕಡೆಯಿಂದ ಬಂದು ಪುಣೆಯ ಕಟ್ಟಡಗಳಿಗೆ ಮೂವತ್ತು ವರ್ಷ ಬುಟ್ಟಿ ಹೊತ್ತವಳು ಅವಳು. ಅವರು ವಾಸವಿದ್ದ ತಗಡಿನ ಶೆಡ್ಡಿಗೆ ಕಾಗದ ಹಿಡಿದು ಬಂದವರು ಯಾವತ್ತೂ ಒಳ್ಳೆಯದಕ್ಕೆ ಬಂದವರಲ್ಲ. ಶೆಡ್ಡು ಕೆಡವಲು ಬಂದರು. ಗಂಡ ಹುಸೇನಪ್ಪ ಸ್ಲ್ಯಾಬಿನಿಂದ ಬಿದ್ದು ಸತ್ತಾಗ, ಅವನು ಕುಡಿದಿದ್ದ ಎಂದು ಬರೆಸಿಕೊಳ್ಳಲು ಬಂದರು. ಹೆಸರು ಹಿಡಿದು ಕೇಳಿದರೆ ಊರಿಗೆ ಹೋಗಿದ್ದಾರೆ ಅನ್ನಬೇಕು, ಇದು ಶೆಡ್ಡಿನ ಕೂಸುಗಳಿಗೂ ಬಾಯಿಪಾಠ. ಶಿವಕಾಂತಾಳೇ ಚಿಕ್ಕಂದಿನಲ್ಲಿ ಹತ್ತಾರು ಸಲ ಹೇಳಿದ್ದಳು.

ಮೂರನೆಯ ಸಲವೂ ತಪ್ಪಿತೆಂದು ನೋಟಿಸು ಬಂತು. ವಕೀಲ ಮಂದಾರ ಒಂದು ದಾರಿ ತೋರಿಸಿದ: ತಾಯಿಯ ಬುದ್ಧಿ ಸ್ಥಿಮಿತದಲ್ಲಿಲ್ಲ, ತಾನು ಏನು ಹೇಳುತ್ತಿದ್ದೇನೆಂಬುದು ಆಕೆಗೇ ತಿಳಿಯದು ಎಂದು ಬರೆದು, ಆಕೆಯ ಹೆಬ್ಬೆಟ್ಟೂ ಹಾಕಿಸಿ ಕೊಡುವುದು.

"ಇದೊಂದ ದಾರಿ ಉಳದದ, ಶಿವಕಾಂತಾ," ಎಂದರು ಸದಾನಂದ, ನೆಲ ನೋಡುತ್ತ.

ಅವಳು ಕಾಗದವನ್ನು ಮನೆಗೆ ತಂದಳು. "ಏನು ಬರದದ ಇದ್ರಾಗ?" ಎಂದಳು ಯಂಕವ್ವ.

"ನಾ ಅವತ್ತು ಮನ್ಯಾಗೇ ಇದ್ದೆ ಅಂತ ಬರದದ ಯವ್ವಾ. ಅಷ್ಟೇ."

ಯಂಕವ್ವ ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. "ತಪ್ಪು ನಂದೇ ಅದ. ಇನ್ನೂ ಎಲ್ಲೆರೆ ಒತ್ತಬೇಕೇನು?" ಎಂದು ಕೇಳಿದಳು. ಶಿವಕಾಂತಾಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಕಾಗದ ಮಡಚಿಟ್ಟುಕೊಂಡಳು.

ಆ ಕಾಗದದಿಂದ ನಯಾಪೈಸೆ ಉಪಯೋಗವಾಗಲಿಲ್ಲ. ಮನೆಯವರ ಮಾತಿಗೂ ಆಟಗಾರ್ತಿಯೇ ಹೊಣೆ ಎಂದು ಎರಡು ವರ್ಷ ಹಾಕಿದರು. ಏಷ್ಯನ್ ಗೇಮ್ಸ್‌ನ ಪಟ್ಟಿಯಿಂದ ಹೆಸರು ಹೋಯಿತು. ಮರಾಠಿ ಪೇಪರಿನಲ್ಲಿ ಆ ಕಾಗದದ ಮಾತನ್ನೇ ಹಿಡಿದು, ತಲೆ ಕೆಟ್ಟ ತಾಯಿಯಿಂದ ಹಾಳಾದ ಮಗಳು ಎಂದು ಸುದ್ದಿ ಬಂತು. ಕೆಳಗಿನ ಮನೆಯ ಆರತಿ ಮರುಕದಿಂದಲೇ ಅದನ್ನು ಯಂಕವ್ವನಿಗೆ ಓದಿ ಹೇಳಿದಳು. ಅವತ್ತೂ ಯಂಕವ್ವ ಎಂದಿನಂತೆ ಬಡಿಸಿದಳು. ನಾಲ್ಕು ಬೈದಿದ್ದರೆ ಶಿವಕಾಂತಾ ಊಟವನ್ನಾದರೂ ಮಾಡುತ್ತಿದ್ದಳು.

ನಿಷೇಧ ಬಿದ್ದರೂ ಪರೀಕ್ಷೆ ತಪ್ಪುವುದಿಲ್ಲ. ತಿಂಗಳ ನಂತರ, ಬೆಳಿಗ್ಗೆ ಆರೂ ಹತ್ತಕ್ಕೆ ಕದ ಬಡಿದ ಸದ್ದಾಯಿತು. ಯಂಕವ್ವ ಬಾಗಿಲ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು, ಏಳಲಿಲ್ಲ.

"ಯವ್ವಾ, ಕದ ತೆಗಿ," ಎಂದಳು ಶಿವಕಾಂತಾ ಒಳಗಿನಿಂದ.

"ನೀನೇ ತೆಗಿಯವ್ವ. ಬಂದವರಿಗಿ ಏನು ಹೇಳಬೇಕು ನನಗ ತಿಳಿಯಂಗಿಲ್ಲ. ತಲಿ ಸರಿ ಇಲ್ಲಲಾ ನಂದು."

ದನಿಯಲ್ಲಿ ಸಿಟ್ಟಿರಲಿಲ್ಲ. ಶಿವಕಾಂತಾ ಎದ್ದು ಹೋಗಿ ಕದ ತೆಗೆದಳು. ಪರೀಕ್ಷೆಯ ಹೆಂಗಸಿನ ಜೊತೆ ಅವಳು ಬಚ್ಚಲಿಗೆ ನಡೆಯುವಾಗ, ಅವ್ವ ಕೂತಲ್ಲೇ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.