ಸೂಜಿಮೊನೆಯಷ್ಟು ತೂತು

ಆ ದಿನ ಬೆಳಿಗ್ಗೆ ನನ್ನ ಹೆಂಡತಿ ತಲೆ ಬಾಚಿಕೊಳ್ಳುತ್ತಾ, ಕನ್ನಡಿಯನ್ನೇ ನೋಡಿಕೊಂಡು ಹೇಳಿದಳು: "ಇವತ್ತು ಮೇಲಿನ ಸ್ವರ ಬಂದ್ರೆ ವಾದ್ಯ ತಗೋತೀನಿ. ಬರ್ಲಿಲ್ಲ ಅಂದ್ರೆ ಇನ್ನು ಈ ಮನೇಲಿ ಆ ಮಾತೇ ಬೇಡ. ನೀವೂ ಎತ್ಬಾರ್ದು."

ಆಯಿತು ಎಂದೆ. ಇಪ್ಪತ್ತು ವರ್ಷ ಬ್ಯಾಂಡಿನಲ್ಲಿ, ನೇರ ಕೊಳವೆಯಂಥ ಸೊಪ್ರಾನೊ ಸ್ಯಾಕ್ಸೊಫೋನ್ ಊದಿದವಳು. ಹೋದ ವರ್ಷ ನ್ಯುಮೋನಿಯಾ ಬಂದು, ಬಲಗಡೆಯ ಶ್ವಾಸಕೋಶದ ಒಂದು ಭಾಗವನ್ನೇ ತೆಗೆದರು. ವಾದ್ಯ ಬ್ಯಾಂಡಿನದು, ಬ್ಯಾಂಡಿಗೇ ಹೋಯಿತು. ಉಳಿದದ್ದು ಅವಳ ಸ್ವಂತದ್ದಾದ, ವಾದ್ಯದ ತುದಿಗೆ ಸಿಕ್ಕಿಸಿ ಊದುವ ಕಪ್ಪು ಬಾಯಿತುಂಡು ಮಾತ್ರ. ಅದನ್ನು ಕರವಸ್ತ್ರದಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಳು. ನಾನು ಮನೆಯಲ್ಲಿಲ್ಲದಾಗ ತೆಗೆದು ನೋಡುತ್ತಿದ್ದಳು ಎಂದು ನನಗೆ ಗೊತ್ತು, ಏಕೆಂದರೆ ಕರವಸ್ತ್ರದ ಮಡಿಕೆ ದಿನಕ್ಕೊಂದು ಥರ ಇರುತ್ತಿತ್ತು. ಡಾಕ್ಟರು ಊದಿ ನೋಡಿ ಎಂದಿದ್ದರು, ಹಟ ಮಾಡಬೇಡಿ ಎಂದೂ ಅಂದಿದ್ದರು. ಹಟ ಮಾಡಬೇಡ ಎಂದು ಇವಳಿಗೆ ಹೇಳುವುದು ನೀರಿಗೆ ಹರಿಯಬೇಡ ಎಂದಂತೆ.

ನಾನು ಪ್ಲಂಬರ್. ಮೂವತ್ತು ವರ್ಷದಿಂದ ಊರವರ ಮನೆಯ ಸೋರಿಕೆ ನಿಲ್ಲಿಸುತ್ತಿದ್ದೇನೆ. ಸಂಗೀತದ ಗಂಧಗಾಳಿ ಇಲ್ಲ. ಆದರೂ ಇವಳು ಊದಲು ಕೂತರೆ ನಾನು ಕಣ್ಣುಬಾಯಿ ಬಿಟ್ಟುಕೊಂಡು ಕೂರುತ್ತಿದ್ದೆ. ನಾನು ದಿನವೂ ಕತ್ತರಿಸಿ ಎಸೆಯುವಂಥ ಒಂದು ಮೊಳದ ಕೊಳವೆಯಿಂದ ಅಂಥದ್ದು ಹೊರಡುತ್ತದೆ ಎಂದರೆ, ಇವತ್ತಿಗೂ ನಂಬುವುದಕ್ಕೆ ಕಷ್ಟ.

ವಾದ್ಯದ ಅಂಗಡಿ ಎರಡನೇ ಮಹಡಿಯಲ್ಲಿತ್ತು. ಇವಳು ಮೆಟ್ಟಿಲ ತಿರುವಿನಲ್ಲಿ ನಿಂತು ಸುಧಾರಿಸಿಕೊಂಡಳು. ನಾನು ನೋಡದವನ ಹಾಗೆ ಗೋಡೆಯ ಪೈಪನ್ನು ಬೈಯುತ್ತಾ ನಿಂತೆ. ಬೈಯುವಂಥ ಪೈಪೇ ಅದು, ಜೋಡಣೆ ಸೊಟ್ಟಗಿತ್ತು.

ಅಂಗಡಿ ನಡೆಸುತ್ತಿದ್ದವರು ಎಪ್ಪತ್ತು ದಾಟಿದ ಹೆಂಗಸು. ರಿಪೇರಿಯೂ ಅವರದ್ದೇ. ನಾನು ಮನಸ್ಸಿನಲ್ಲೇ ಅಂಗಡಿಯಮ್ಮ ಎಂದು ಹೆಸರಿಟ್ಟೆ. ದಪ್ಪ ಕನ್ನಡಕ, ಎದೆಯ ಮೇಲೆ ಚರ್ಮದ ಏಪ್ರನ್ನು, ಹತ್ತೂ ಬೆರಳಲ್ಲಿ ಎಣ್ಣೆಯ ಕಲೆ. ಕೈ ನೋಡಿದ ಕೂಡಲೇ ನಮ್ಮ ಕೈಕೆಲಸದ ಜಾತಿಯವರು ಎನ್ನಿಸಿ ಗೌರವ ಬಂತು.

ಮೇಜಿನ ಮೇಲೆ ಮೂರು ವಾದ್ಯಗಳನ್ನು ಇಟ್ಟರು. ಒಂದು ಹೊಸದು, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು. ಇವಳು ತನ್ನ ಬಾಯಿತುಂಡು ಸಿಕ್ಕಿಸಿ ನಾಲ್ಕು ಸ್ವರ ಊದಿ ಕೆಳಗಿಟ್ಟಳು. "ಚೆನ್ನಾಗಿದೆ. ಆದ್ರೆ ಯಾರು ಊದಿದ್ರೂ ಹೀಗೇ ಇರುತ್ತೆ." ಎರಡನೆಯದು ಬಾಗಿದ ಮೂತಿಯದು, ನೋಡಿದರೆ ಎತ್ತಿಕೊಳ್ಳಬೇಕು ಅನ್ನಿಸುವಂಥದ್ದು. ಅದನ್ನೂ ಬೇಡವೆಂದಳು. ಮೂರನೆಯದು ಹಳೆಯದು, ನೇರ, ಬೆರಳಾಡುವ ಕಡೆಯಲ್ಲೆಲ್ಲ ಬಣ್ಣ ಸವೆದಿತ್ತು. ಅದರಲ್ಲಿ ಒಂದೇ ಒಂದು ಕೆಳಸ್ವರ ಊದಿ, ಮುಗಿದ ಮೇಲೂ ಬಾಯಿಂದ ತೆಗೆಯದೆ ಹಾಗೇ ನಿಂತಳು.

"ಇದು," ಎಂದಳು. ಆಮೇಲೆ, "ಆದ್ರೆ ಕೆಳಗಡೆ ನಡುಗ್ತಿದೆ. ಗಾಳಿ ಸೋರ್ತಿದೆ ಅನ್ಸುತ್ತೆ. ನನಗೀಗ ಒಂದು ಚೂರು ಉಸಿರೂ ದಂಡ ಆಗ್ಬಾರ್ದು, ಮೇಡಂ."

ಅಂಗಡಿಯಮ್ಮ ಎದ್ದು ಪರದೆ ಎಳೆದರು. ಕೋಣೆ ಕತ್ತಲಾಯಿತು. ಸಣ್ಣ ದೀಪಗಳಿದ್ದ ಒಂದು ತೆಳ್ಳನೆಯ ತಂತಿಯನ್ನು ವಾದ್ಯದೊಳಗೆ ಇಳಿಬಿಟ್ಟು, ಬೆರಳುಗಳಿಂದ ಮುಚ್ಚಳಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದರು. ಹಿತ್ತಾಳೆಯೊಳಗಿಂದ ಬೆಳಕು ಕೋಣೆಯ ಗೋಡೆಗೆಲ್ಲ ಚೆಲ್ಲಿ, ಮುಚ್ಚಿದಲ್ಲಿ ಆರುತ್ತಾ ಹೋಯಿತು. ಕೊನೆಗೆ ಪೂರಾ ಕತ್ತಲು, ಕೆಳಗೊಂದು ಕಡೆ ಕೂದಲೆಳೆಯಷ್ಟು ಬೆಳಕಿನ ಗೆರೆ.

"ಅಲ್ನೋಡಿ, ಅಲ್ಲೇ," ಎಂದರು.

ನನ್ನ ಮೈ ಜುಮ್ಮೆಂದಿತು. ಮೂವತ್ತು ವರ್ಷ ನಾನು ಸೋರಿಕೆಯನ್ನು ಕೈಯಿಂದ ತಡವಿ, ಮೂಸಿ, ಗೋಡೆಗೆ ಕಿವಿಯಿಟ್ಟು ಹುಡುಕಿದ್ದೇನೆ. ಇಲ್ಲಿ ಅದು ತಾನಾಗಿಯೇ ಬೆಳಗುತ್ತಿತ್ತು.

ಮುಚ್ಚಳದಡಿಯ ಚರ್ಮದ ಬಿಲ್ಲೆ ಸವೆದಿತ್ತಂತೆ. ನಮ್ಮ ನಲ್ಲಿಯ ವಾಷರ್ ಇದ್ದ ಹಾಗೆ. ಹೊಸದು ತರಲು ಅವರು ಒಳಕೋಣೆಗೆ ಹೋದರು. ಇವಳು ನೀರು ಕುಡಿಯಲು ಅವರ ಹಿಂದೆಯೇ ಹೋದಳು. ಕತ್ತಲಲ್ಲಿ ನಾನು ಮತ್ತು ಆ ವಾದ್ಯ ಇಬ್ಬರೇ.

ಸುಮ್ಮನೆ ಕೂರುವ ಜಾಯಮಾನವೇ ನನ್ನದಲ್ಲ. ಎತ್ತಿಕೊಂಡೆ. ದೀಪದ ತಂತಿ ಇನ್ನೂ ಒಳಗೇ ಇತ್ತು, ದೊಡ್ಡ ತೂತುಗಳಿಂದ ಬೆಳಕು ಸುರಿಯುತ್ತಿತ್ತು. ಅವು ಬೆರಳಿಗೆಂದು ಇದ್ದವು, ಸರಿ. ಹಿಂದೆ ಹೆಬ್ಬೆರಳಿನ ಜಾಗದಲ್ಲಿ ಒಂದು ಒತ್ತುಗುಂಡಿ ಇತ್ತು. ಒತ್ತಿದೆ. ಮೇಲೆ, ಕುತ್ತಿಗೆಯ ಹತ್ತಿರ, ಕಡಲೆಕಾಳಿನಷ್ಟು ಮುಚ್ಚಳವೊಂದು ಎದ್ದು, ಅದರಡಿಯಿಂದ ಸೂಜಿಮೊನೆಯಷ್ಟು ಬೆಳಕು ಮಿಣಕ್ಕೆಂದಿತು.

ಓಹೋ ಎಂದುಕೊಂಡೆ. ಇಷ್ಟು ಸಣ್ಣ ತೂತನ್ನು ಯಾರಾದರೂ ಬೇಕೆಂದು ಮಾಡುತ್ತಾರೆಯೇ? ಕಿಲುಬು ತಿಂದೋ ಮೊಳೆ ತಾಗಿಯೋ ಬಿದ್ದ ತೂತು. ಯಾವನೋ ಅರೆಬರೆ ಕೆಲಸಗಾರ ಮೇಲೊಂದು ಮುಚ್ಚಳ ಕೂರಿಸಿ ಕೈತೊಳೆದುಕೊಂಡಿದ್ದಾನೆ. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಜೇಬಿನಲ್ಲಿ ಮೇಣದ ಡಬ್ಬಿ ಇದ್ದೇ ಇರುತ್ತದೆ. ಸಾಸಿವೆಯಷ್ಟು ತೆಗೆದು ತೂತಿಗೆ ಒತ್ತಿ, ಉಗುರಿನಲ್ಲಿ ನಯ ಮಾಡಿದೆ. ಬೆಳಕು ನಿಂತಿತು. ಅವಳ ಉಸಿರು ಒಂದು ಚೂರು ಉಳಿಯಿತಲ್ಲ ಎಂದು ಎಷ್ಟು ಖುಷಿಯಾಯಿತೆಂದರೆ, ಯಾರಿಗೂ ಹೇಳದೆ ಕೈಕಟ್ಟಿ ಕೂತೆ. ಮನೆಗೆ ಹೋಗಿ ಹೇಳಿ ಬೀಗೋಣವೆಂದು.

ಬಿಲ್ಲೆ ಹಾಕಿದ್ದಾಯಿತು, ಪರದೆ ತೆಗೆದದ್ದಾಯಿತು. ಇವಳು ಊದಿದಳು. ಕೆಳಸ್ವರ ಈಗ ನಡುಗಲಿಲ್ಲ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿದಳು. ಮೇಲಿನ ಸಾಲಿಗೆ ಬಂದಳು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಸ್ವರ ಧೊಪ್ಪನೆ ಕೆಳಗೆ ಬಿತ್ತು.

ಮತ್ತೆ ಊದಿದಳು. ನಾಲ್ಕು ಹತ್ತಿತು, ಐದಕ್ಕೆ ಬಿತ್ತು. ಮೂರನೆಯ ಸಲ ಕಣ್ಣು ಮುಚ್ಚಿ, ಭುಜ ಎತ್ತಿ, ಕತ್ತಿನ ನರ ಉಬ್ಬುವ ಹಾಗೆ ಊದಿದಳು. ಬಿತ್ತು.

ಅವಳು ಬಾಯಿತುಂಡು ಬಿಚ್ಚಿದಳು. ಕರವಸ್ತ್ರ ಹಾಸಿ, ಅದರಲ್ಲಿಟ್ಟು, ಒಂದು ಮಡಿಕೆ, ಇನ್ನೊಂದು ಮಡಿಕೆ.

"ತುಂಬಾ ಥ್ಯಾಂಕ್ಸ್ ಮೇಡಂ. ನಿಮಗೆ ಸುಮ್ನೆ ತೊಂದ್ರೆ ಕೊಟ್ಟೆ. ನಡೀರಿ, ಹೋಗೋಣ."

ಆಸ್ಪತ್ರೆಯಲ್ಲೂ ಅವಳ ಮುಖ ಹಾಗೆ ಇರಲಿಲ್ಲ. ಎದ್ದು ನಿಂತೆ, ಆದರೆ ಬಾಗಿಲ ಕಡೆ ಹೋಗಲಿಲ್ಲ. ಏನೋ ಒಂದು ಲೆಕ್ಕ ತಪ್ಪುತ್ತಿತ್ತು. ನೀರಿನ ಒತ್ತಡ ಕಮ್ಮಿಯಾದರೆ ಒಂದು ದಿನ ಮೂರನೇ ಮಹಡಿಯಲ್ಲಿ ನಿಲ್ಲುತ್ತದೆ, ಒಂದು ದಿನ ಎರಡನೆಯದರಲ್ಲಿ. ಪ್ರತಿ ಸಲವೂ ಅದೇ ಮಹಡಿಯಲ್ಲಿ ನಿಂತರೆ ಅದು ಒತ್ತಡದ ಕೊರತೆಯಲ್ಲ. ದಾರಿಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂದರ್ಥ.

ಮೇಜಿನತ್ತ ತಿರುಗಿದೆ.

"ಮೇಡಂ, ಆ ಮೇಲಿರೋ ಸಣ್ಣ ತೂತು ಯಾತಕ್ಕೆ?"

"ಹೆಬ್ಬೆರಳಿಂದು ತಾನೇ? ಅದು ತೆರೆದ್ರೇನೇ ಸ್ವರ ಮೇಲಕ್ಕೆ ಹಾರೋದು. ಅಂಥವು ಎರಡಿವೆ. ಕೆಳಗಿಂದು ಮೊದಲ ನಾಲ್ಕು ಸ್ವರಕ್ಕೆ, ಮೇಲಿಂದು..." ಅಂಗಡಿಯಮ್ಮ ಮಾತು ನಿಲ್ಲಿಸಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

ನಾನು ಮೇಣದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. "ಸೋರ್ತಿದೆ ಅಂದ್ಕೊಂಡು... ಮೇಣ ಇಟ್ಟೆ."

ಹೆಂಡತಿಯ ಕೈ ಕರವಸ್ತ್ರದ ಮೇಲೆ ಹಾಗೇ ನಿಂತಿತ್ತು.

"ನೀವು," ಎಂದಳು. ಅಷ್ಟೇ. ಆಮೇಲೆ ಮೂಗು ಒರೆಸಿಕೊಂಡಳು. ಬೈಗುಳವೋ ನಗುವೋ ಏನೋ ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಾಯಿತು.

ಅಂಗಡಿಯಮ್ಮ ಸೂಜಿಯಿಂದ ಮೇಣ ತೆಗೆದರು. ತೆಗೆದದ್ದನ್ನು ನನ್ನ ಅಂಗೈಗೇ ಹಾಕಿ, "ಕೆಲಸ ಮಾತ್ರ ನೀಟಾಗಿ ಮಾಡಿದೀರಿ," ಎಂದರು. ಆ ಹೊಗಳಿಕೆಗಿಂತ ಎರಡು ಏಟು ಕೊಟ್ಟಿದ್ದರೆ ವಾಸಿಯಿತ್ತು.

ಇವಳು ಬಾಯಿತುಂಡನ್ನು ಮತ್ತೆ ಜೋಡಿಸಿದಳು. ಊದುತ್ತಾಳೆಂದು ನಾನು ಗೋಡೆಗೆ ಒರಗಿ ನಿಂತೆ.

"ದೂರ ಯಾಕೆ ಹೋಗ್ತೀರಿ? ಬನ್ನಿ ಇಲ್ಲಿ. ಹೆಬ್ಬೆರಳು ಕೊಡಿ."

ನನ್ನ ಹೆಬ್ಬೆರಳನ್ನು ಹಿಡಿದು ಆ ಒತ್ತುಗುಂಡಿಯ ಮೇಲಿಟ್ಟಳು. ತನ್ನದನ್ನು ಪಕ್ಕಕ್ಕೆ ಸರಿಸಿಕೊಂಡಳು. "ನಾನು ಹುಬ್ಬು ಎತ್ತಿದಾಗ ಒತ್ತಿ. ಅಲ್ಲೀವರ್ಗೂ ಮುಟ್ಬೇಡಿ. ಮುಟ್ಟಿ ಮುಟ್ಟಿ ಸಾಕಾಗಿದೆ ನಿಮ್ದು."

ಕೆಳಗಿನ ಸಾಲಿನ ಐದನೇ ಸ್ವರ ಹಿಡಿದಳು. ಮೆಲ್ಲಗೆ, ಹಟವಿಲ್ಲದೆ. ಹಿತ್ತಾಳೆ ನನ್ನ ಬೆರಳಡಿಯಲ್ಲಿ ಜೀವವಿದ್ದಂತೆ ಅದುರಿತು. ಅವಳು ಹುಬ್ಬು ಎತ್ತಿದಳು. ನಾನು ಒತ್ತಿದೆ.

ಸ್ವರ ಮೇಲಕ್ಕೆ ಹಾರಿತು.

ಅವಳು ಬಿಗಿಯಾಗಿ ಊದಲಿಲ್ಲ, ಭುಜ ಎತ್ತಲಿಲ್ಲ. ಅದೇ ಉಸಿರು, ಅವಳಲ್ಲಿ ಉಳಿದಿದ್ದಷ್ಟೇ ಉಸಿರು. ಅದು ಕೋಣೆಯ ಮಾಡಿಗೆ ತಾಗಿ, ಗೋಡೆಗೆ ತೂಗುಹಾಕಿದ್ದ ವಾದ್ಯಗಳನ್ನೆಲ್ಲ ಸಣ್ಣಗೆ ಮಿಡಿಸಿ, ಕಿಟಕಿಯ ಗಾಜಿನಲ್ಲಿ ನಿಂತಿತು. ಮೂವತ್ತು ವರ್ಷ ತೂತು ಮುಚ್ಚಿಯೇ ಅನ್ನ ತಿಂದವನು ನಾನು. ಒಂದು ತೂತು ಇಂಥದ್ದನ್ನು ಮಾಡುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಕಣ್ಣು ತುಂಬಿ ಎದುರಿಗಿದ್ದ ಅವಳ ಮುಖವೇ ಮಸುಕಾಯಿತು.

ಉಸಿರು ತೀರಿ ಅವಳು ನಿಲ್ಲಿಸಿದಳು. ಎದೆ ಏರಿಳಿಯುತ್ತಿತ್ತು. ಬೆವರಿದ್ದಳು, ನಗುತ್ತಿದ್ದಳು.

"ಇದನ್ನೇ ಕಟ್ಟಿ ಕೊಡಿ ಮೇಡಂ," ಎಂದಳು. ನನ್ನ ಕಡೆ ತಿರುಗಿ, "ಬಿಡಿ ಇನ್ನು. ಒತ್ಕೊಂಡೇ ನಿಂತಿದೀರಲ್ಲ," ಎಂದಳು.

ನೋಡಿದರೆ ಹೌದು. ನನ್ನ ಹೆಬ್ಬೆರಳು ಇನ್ನೂ ಅಲ್ಲೇ ಇತ್ತು. ಮೇಲೆ ಆ ಪುಟ್ಟ ಮುಚ್ಚಳ ತೆರೆದೇ ಇತ್ತು.