ಬಿರುಗಾಳಿಯ ಹಿಂದೆ ಸಾಲಾಗಿ

ಊಟ ಬಲ್ಲವನಿಗೆ ರೋಗವಿಲ್ಲ, ಎಂಜಿನ್ ಬಲ್ಲವನಿಗೆ ಹೊಗೆಯಿಲ್ಲ. ಗಾದೆ ಕೆಟ್ಟಿರಬಹುದು, ಕತೆ ಕೆಟ್ಟಿಲ್ಲ. ನಡೆದದ್ದು ನಡೆದ ಹಾಗೇ ಇದೆ.

"ತಲೆ ಕಡೆ ಎತ್ತಿ, ಇನ್ನೂ ಸ್ವಲ್ಪ. ಭಾವ ನನ್ನ ದೋಣಿಗೆ ಯಾವತ್ತೂ ಎಡವದೆ ಹತ್ತಿದವರಲ್ಲ, ಇವತ್ತಾದರೂ ನೆಟ್ಟಗೆ ಹತ್ತಲಿ."

ಬಂದರಿನ ಎಂಜಿನ್ ಮೇಸ್ತ್ರಿಯ ಶವಪೆಟ್ಟಿಗೆ ಮೀನುದೋಣಿಯ ಹಲಗೆಯ ಮೇಲೆ ಇಳಿಯಿತು. ಕೂಗುತ್ತಿದ್ದವನು ಬಿರುಗಾಳಿ, ಮೇಸ್ತ್ರಿಯ ಹೆಂಡತಿಯ ತಮ್ಮ. ಮೀನಿನ ಜಾಗಕ್ಕೆ ಎಲ್ಲರಿಗಿಂತ ಮೊದಲು ಮುಟ್ಟುತ್ತಾನೆಂದು ಆ ಹೆಸರು; ಇಟ್ಟುಕೊಂಡವನೂ ಅವನೇ ಎನ್ನುವವರಿದ್ದಾರೆ. ಸ್ಮಶಾನ, ನದಿ ಸಮುದ್ರ ಸೇರುವ ಅಳಿವೆಯ ಆಚೆ ದಡದಲ್ಲಿತ್ತು. ಭಾವನನ್ನು ದಾಟಿಸುವ ಹಕ್ಕು ತನ್ನದೆಂದು ಅವನು ಬೆಳಿಗ್ಗೆಯೇ ಹೇಳಿಬಿಟ್ಟಿದ್ದ.

"ಇವತ್ತು ಫುಲ್ ಸ್ಪೀಡು. ಭಾವ ಕೈಯಾಡಿಸಿದ ಎಂಜಿನ್ ಹೇಗೆ ಓಡುತ್ತೆ ಅಂತ ಊರೇ ನೋಡಲಿ."

ಮೇಸ್ತ್ರಿಯ ಮಗಳು ಅಪ್ಪನಿಂದಲೇ ಕೆಲಸ ಕಲಿತವಳು. ಆ ಎಂಜಿನ್ ಎಷ್ಟು ಓಡುತ್ತದೆಂದು ಅವಳಿಗೆ ಗೊತ್ತಿತ್ತು. ಅಮ್ಮನ ಕಿವಿಯ ಹತ್ತಿರ ಬಾಗಿದಳು.

"ಮಾವನಿಗೆ ಹೇಳಿಬಿಡಲಾ?"

"ಇವತ್ತು ಬೇಡ ಕಣೆ. ಸಿಟ್ಟು ಬಂದರೆ ಅವನು ಮದುವೆ ಮನೆನೂ ನೋಡಲ್ಲ, ಸಾವಿನ ಮನೆನೂ ನೋಡಲ್ಲ. ನನಗೆ ತವರು ಅಂತ ಉಳಿದಿರೋದು ಅವನೊಬ್ಬ. ಹೆಗಲು ಕೊಡದೆ ಹೊರಟುಬಿಟ್ಟರೆ ಏನು ಮಾಡಲಿ?"

* * *

ಕೆಲವು ವರ್ಷಗಳ ಹಿಂದೆ ಮೀನುಗಾರಿಕೆ ಕಚೇರಿಯ ಮೇಡಂ ಹರಾಜುಕಟ್ಟೆಯಲ್ಲಿ ಸಭೆ ಕರೆದಿದ್ದರು. "ದೇಶದ ದೋಣಿಗಳೆಲ್ಲ ಸೇರಿ ಬಿಡೋ ಹೊಗೆ ಕಡಿಮೆ ಏನಲ್ಲ. ಹೊಗೆಯಿಂದ ಸಮುದ್ರ ಬಿಸಿಯಾಗುತ್ತೆ, ಮೀನು ತಂಪು ಹುಡುಕಿಕೊಂಡು ದೂರ ಹೋಗುತ್ತೆ, ಅದರ ಹಿಂದೆ ನೀವು ಹೋಗ್ತೀರಿ, ಇನ್ನಷ್ಟು ಡೀಸೆಲ್ ಸುಡ್ತೀರಿ. ಸ್ವಲ್ಪ ನಿಧಾನ ಹೋದರೂ ಎಷ್ಟೋ ಉಳಿಯುತ್ತೆ."

"ನಾನೇನು ಸಮುದ್ರದ ಕೆಳಗೆ ಒಲೆ ಹಚ್ಚಿದೀನಾ ಮೇಡಂ?" ಎಂದ ಬಿರುಗಾಳಿ. ಸಭೆ ನಕ್ಕಿತು.

ಹಿಂದಿನಿಂದ ಯಾರೋ ಗೊಣಗಿದರು. "ಇವನು ಓಡಿಸೋವರೆಗೂ ನಾವೂ ಓಡಿಸಲೇಬೇಕು. ಇಲ್ಲದಿದ್ದರೆ ಮೀನು ಇವನಿಗೆ, ಹೊಗೆ ನಮಗೆ."

ಮೇಸ್ತ್ರಿಯೂ ಆ ಸಭೆಯಲ್ಲಿದ್ದ. ಅವನು ಮಾತಿನ ಮನುಷ್ಯನಲ್ಲ, ಸದ್ದಿನ ಮನುಷ್ಯ. ಯಾರ ಎಂಜಿನ್ ಕೆಮ್ಮುತ್ತಿದೆ, ಯಾರದ್ದು ಬಿಕ್ಕಳಿಸುತ್ತಿದೆ ಎಂದು ಬಾಯಲ್ಲೇ ಮಾಡಿ ತೋರಿಸುತ್ತಿದ್ದ. ತಟ್ಟೆಯ ಮುಂದೆಯೂ ಅದೇ. "ಮೊದಲು ಊಟ ಮಾಡಿ, ಡೀಸೆಲ್ ಆಮೇಲೆ ಕುಡಿಯೋರಂತೆ" ಎಂದು ಹೆಂಡತಿ ಗದರುತ್ತಿದ್ದಳು. ಭಾವಮೈದನ ವಿಷಯದಲ್ಲಿ ಅವನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು: ಬಿರುಗಾಳಿ ವೇಗವನ್ನು ಕಣ್ಣಿನಿಂದ ಅಳೆಯುವವನಲ್ಲ, ಕಿವಿಯಿಂದ ಅಳೆಯುವವನು.

ಮುಂದೆ ಆ ದೋಣಿ ರಿಪೇರಿಗೆ ಬಂದಾಗ ಮೇಸ್ತ್ರಿ ಡೀಸೆಲ್ ಪಂಪಿನ ತಿರುಪನ್ನು ಬಿಗಿ ಮಾಡಿದ, ವೇಗದ ಹಿಡಿಕೆಯನ್ನು ಎಷ್ಟು ಒತ್ತಿದರೂ ಎಂಜಿನ್‌ಗೆ ಮೊದಲಿನಷ್ಟು ಡೀಸೆಲ್ ಹೋಗದ ಹಾಗೆ. ಆಮೇಲೆ ಸೈಲೆನ್ಸರಿನೊಳಗೆ ಸದ್ದಡಗಿಸುವ ತಗಡನ್ನು ಕಿತ್ತ.

"ಅಪ್ಪಾ, ಇದು ಮೋಸ ಅಲ್ವಾ?" ಎಂದಳು ಟಾರ್ಚ್ ಹಿಡಿದಿದ್ದ ಮಗಳು.

"ಔಷಧಿ ಕಣಮ್ಮ. ಹೆಸರು ಹೇಳಿದರೆ ರೋಗಿ ಕುಡಿಯಲ್ಲ."

ದೋಣಿ ಗುಡುಗಿತು. ಬಿರುಗಾಳಿಯ ಮುಖ ಅರಳಿತು. "ಭಾವ, ಇದಕ್ಕೆ ಮತ್ತೆ ಪ್ರಾಯ ತರಿಸಿಬಿಟ್ಟಿರಿ."

ಮೇಸ್ತ್ರಿ ಉಳಿದ ಚಾಲಕರನ್ನು ಒಬ್ಬೊಬ್ಬರನ್ನಾಗಿ ಕಂಡ. "ಅವನನ್ನು ಯಾರೂ ದಾಟಬೇಡಿ. ಅವನು ಮುಂದಿದ್ದರೆ ಅವನಿಗೆ ಸಾಕು, ಹಿಂದೆ ನೀವೆಲ್ಲ ಆರಾಮಾಗಿ ಹೋಗಬಹುದು." ಮೊದಲು ತಮಾಷೆಗೆ ಒಪ್ಪಿದರು, ಡೀಸೆಲ್ ಉಳಿಯತೊಡಗಿದ ಮೇಲೆ ಭಕ್ತಿಯಿಂದ ಒಪ್ಪಿದರು. ಅಲ್ಲಿಂದ ಇಡೀ ಬಂದರು ತಾಯಿಬಾತಿನ ಹಿಂದಿನ ಮರಿಗಳಂತೆ ಬಿರುಗಾಳಿಯ ಹಿಂದೆ ತೇಲಿತು. ಹೊಗೆ ತಗ್ಗಿತು, ಅವನ ಜಂಭ ಮಾತ್ರ ತಗ್ಗಲಿಲ್ಲ.

* * *

ಅಳಿವೆಯ ನಡುವೆ ಬಿರುಗಾಳಿ ವೇಗದ ಹಿಡಿಕೆಯನ್ನು ಕೊನೆಯವರೆಗೆ ಒತ್ತಿದ. ಸದ್ದಿಗೆ ಪೆಟ್ಟಿಗೆಯ ಮೇಲಿನ ಹೂಗಳು ನಡುಗಿದವು. ಹಿಂದೆ ಬಂದರಿನ ದೋಣಿಗಳೆಲ್ಲ ಜನ ತುಂಬಿಕೊಂಡು ಸಾಲಾಗಿ ಬರುತ್ತಿದ್ದವು.

ಆಗ ಪಕ್ಕದಲ್ಲಿ ಇನ್ನೊಂದು ದೋಣಿ ಬಂತು, ದಿನಾ ಜನರನ್ನು ಆಚೆ ದಡಕ್ಕೆ ದಾಟಿಸುವ ಮುದಿ ದೋಣಿ. ಸಮುದ್ರದ ಕಡೆ ಹೋಗುವ ಬಿರುಗಾಳಿಯೂ ಅಡ್ಡ ದಾಟುವ ಅದೂ ಇಷ್ಟು ವರ್ಷ ಒಂದೇ ದಿಕ್ಕಿಗೆ ಹೋದದ್ದಿಲ್ಲ. ಅದರ ಚಾಲಕನಿಗೆ ಗುಟ್ಟನ್ನು ಯಾರೂ ಹೇಳಿರಲಿಲ್ಲ. ಎರಡು ಸೈಕಲ್, ಒಂದು ಕೋಳಿಬುಟ್ಟಿ, ಕೊಡೆ ಹಿಡಿದ ಟೀಚರಮ್ಮನನ್ನು ಹೊತ್ತ ಅದು ಹತ್ತಿರ ಬಂತು, ಸಮಕ್ಕೆ ಬಂತು. ಚಾಲಕ ಪೆಟ್ಟಿಗೆ ಕಂಡು ಗೌರವದಿಂದ ಟೋಪಿ ತೆಗೆದ. ತೆಗೆದವನು ಹಾಗೇ ದಾಟಿ ಮುಂದೆ ಹೋದ.

ಬಿರುಗಾಳಿ ಅದರ ಬೆನ್ನು ನೋಡಿದ. ಹಿಡಿಕೆ ನೋಡಿದ. ತಿರುಗಿ ಹಿಂದಿನ ಸಾಲು ನೋಡಿದ. ತನಗಿಂತ ದೊಡ್ಡ ಎಂಜಿನ್‌ನ ದೋಣಿಗಳು ಶಾಲೆಮಕ್ಕಳ ಹಾಗೆ ಅಂತರ ಬಿಟ್ಟು ಬರುತ್ತಿದ್ದವು. ಒಬ್ಬೊಬ್ಬ ಚಾಲಕನೂ ಆಕಾಶ ನೋಡುತ್ತಿದ್ದ.

"ಏನು ಮಾಡಿದಾರೆ ನಿಮ್ಮಪ್ಪ?"

ಮಗಳು ಅಮ್ಮನ ಕಡೆ ನೋಡಿದಳು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ಪಂಪು ಬಿಗಿ ಮಾಡಿದ್ರು ಮಾವ. ಆ ಸಭೆ ಆದಮೇಲೆ. ಸೈಲೆನ್ಸರಿನ ತಗಡು ತೆಗೆದ್ರು, ನಿಮಗೆ ಸದ್ದು ಬರಲಿ ಅಂತ."

"ಹಿಂದಿರೋರಿಗೆ ಗೊತ್ತಾ?"

"ಎಲ್ಲರಿಗೂ."

"ಅಕ್ಕಾ, ನಿನಗೂ?"

ಅಮ್ಮ ಕಣ್ಣು ತೆರೆದಳು. "ಆ ತಗಡನ್ನೇ ಕಣೋ ನಾನು ಒಲೆಗೆ ಗಾಳಿ ತಾಗದ ಹಾಗೆ ಇಟ್ಟಿರೋದು. ಅದರ ಮುಂದೆ ಕೂತು ಎಷ್ಟು ಸಲ ಚಹಾ ಕುಡಿದಿದೀಯ. 'ಒಳ್ಳೆ ತಗಡು ಸಿಕ್ಕಿದೆ' ಅಂತ ಹೊಗಳಿದೀಯ ಬೇರೆ."

ಬಿರುಗಾಳಿ ಎಂಜಿನ್ ಆಫ್ ಮಾಡಿದ. ಹಿಂದೆ ಒಂದೊಂದಾಗಿ ಉಳಿದ ಎಂಜಿನ್‌ಗಳೂ ನಿಂತವು. ಅವನು ನಡೆದು ಬಂದು ಪೆಟ್ಟಿಗೆಯ ಮುಂದೆ ನಿಂತ. ಮಗಳು ಎದ್ದು ಅಡ್ಡ ಬಂದಳು, ತಾನೇನು ಮಾಡಬೇಕೆಂದು ತಿಳಿಯದೆ.

ಅವನ ಭುಜ ಕುಲುಕಿತು. ಅಳು ಎಂದುಕೊಂಡು ಅಕ್ಕ ಕೈ ಚಾಚಿದಳು. ಅವನು ಮಂಡಿಯೂರಿ ಪೆಟ್ಟಿಗೆಯ ಮುಚ್ಚಳಕ್ಕೆ ಹಣೆ ಹಚ್ಚಿದ. "ಅಯ್ಯೋ ಭಾವ, ಅಯ್ಯೋ ನನ್ನ ಭಾವ" ಎನ್ನುತ್ತ, ಉಸಿರು ಸಿಗದೆ, ಅದನ್ನು ಎರಡೂ ತೋಳಲ್ಲಿ ತಬ್ಬಿಕೊಂಡ. ಅದು ಅಳುವಲ್ಲ, ನಗು ಎಂದು ತಿಳಿದು ಮೊದಲು ಅಕ್ಕ ನಕ್ಕಳು. ಆಮೇಲೆ ಹಿಂದಿನ ದೋಣಿಗಳು. ಎಲ್ಲ ಎಂಜಿನ್ ನಿಂತ ಆ ನೀರಿನ ಮೇಲೆ, ಎಲ್ಲರಿಗಿಂತ ಜೋರಾಗಿ, ಎರಡೂ ದಡಕ್ಕೆ ಕೇಳುವಷ್ಟು ನಗುತ್ತಿದ್ದವನು ಅವನೇ.